ಅಕ್ಕನ ಮನೆ ಕಸದ ಡಬ್ಬಿ (ಮೈನಸ್ ಡಿಗ್ರಿ ಕಥೆಗಳು, ಭಾಗ 4)

ಹೋದ ಪೋಸ್ಟಲ್ಲಿ ಅಕ್ಕನ ಮನೆ ಮುಂದಿನ ಹಿಮ ನೋಡಿ "ಸ್ವರ್ಗ ಕಣೋ" ಅಂತ ಎಲ್ಲರೂ ಕಮೆಂಟ್ ಹಾಕಿದ್ರಿ. ಇವತ್ತಿನ ಫೋಟೋ ಸ್ವಲ್ಪ ಝೂಮ್ ಮಾಡಿ. ಚಕ್ರ ಇರೋ ಆ ಕಪ್ಪು ಡಬ್ಬಿ ಕಸದ್ದು. ಅದರ ಮುಚ್ಚಳ ಎರಡು ವಾರದಿಂದ ತೆಗೆಯೋಕೇ ಬರ್ತಿರಲಿಲ್ಲ.

ಊರು ಮಿನಿಯಾಪೊಲಿಸ್ ಪಕ್ಕ. ಜನವರಿ ರಾತ್ರಿ ಮೈನಸ್ 20 ಡಿಗ್ರಿ ಅಂದ್ರೆ ಅಲ್ಲಿ ಸುದ್ದಿಯೇ ಅಲ್ಲ. ನಮ್ಮ ಹಾಸನದಲ್ಲಿ 14ಕ್ಕೆ ಇಳಿದ್ರೆ ನಾವು ಸ್ಟೇಟಸ್ ಹಾಕ್ತೀವಿ.

ಕಸದ ಲಾರಿ ವಾರಕ್ಕೊಂದೇ ಸಲ. ಅದರ ಕಬ್ಬಿಣದ ಕೈ ಡಬ್ಬಿಯನ್ನ ಎತ್ತಿ ಮಗುಚುತ್ತೆ, ಮುಚ್ಚಳ ತಾನಾಗೇ ತೆರೆದು ಕಸ ಬೀಳಬೇಕು. ಮುಚ್ಚಳ ಹೆಪ್ಪುಗಟ್ಟಿ ಅಂಟಿದ್ರೆ ಎತ್ತುತ್ತೆ, ಅಲ್ಲಾಡಿಸುತ್ತೆ, ವಾಪಸ್ ಇಟ್ಟು ಹೋಗುತ್ತೆ. ನಮ್ಮ ಬೀದಿ ಥರ "ಅಣ್ಣಾ ಒಂದ್ನಿಮಿಷ" ಅಂತ ಗಾಡಿ ಹಿಂದೆ ಓಡೋ ಹಾಗಿಲ್ಲ.

ಕೇಳೋಕೆ ತಮಾಷೆ. ಆದ್ರೆ ಅಕ್ಕ ಈಗ ಏಳು ತಿಂಗಳ ಬಸುರಿ. ಭಾವ ಕೆಲಸದ ಮೇಲೆ ವಾರದಲ್ಲಿ ನಾಲ್ಕು ದಿನ ಬೇರೆ ಊರಲ್ಲಿ. ಬಾಣಂತನಕ್ಕೆ ಹೋಗಬೇಕಾದ ಅಮ್ಮಂಗೆ ವೀಸಾ ಇನ್ನೂ ಆಗಿಲ್ಲ. ಐಸ್ ಮೇಲೆ ನಿಂತು ಮುಚ್ಚಳ ಎಳೀತಿರುವಾಗ ಅದು ಫಟ್ ಅಂತ ಬಿಟ್ಕೊಂಡ್ರೆ ಯಾರಾದ್ರೂ ಹಿಂದಕ್ಕೆ ಬೀಳ್ತಾರೆ. ವಿಡಿಯೋ ಕಾಲಲ್ಲಿ ಅಕ್ಕ ಇದನ್ನ ನಗ್ತಾನೇ ಹೇಳಿದ್ಲು. ಅಮ್ಮ ನಗಲಿಲ್ಲ.

"ಒಂದು ಚೊಂಬು ಬಿಸಿನೀರು ಹೊಯ್ಯೇ."

"ಅಮ್ಮಾ, ಹೊಯ್ದ ನೀರು ಕೆಳಗೆ ಹರಿದು ಅಲ್ಲೇ ಗಾಜಾಗುತ್ತೆ. ಆಮೇಲೆ ಅದ್ರ ಮೇಲೆ ಜಾರೋಳು ನಾನೇ."

ಸಲಿಕೆಯಲ್ಲಿ ಬಡಿಯೋದೂ ಬೇಡ, ಆ ಚಳಿಗೆ ಪ್ಲಾಸ್ಟಿಕ್ ಸೀಳಿಬಿಡುತ್ತೆ. ಮುಷ್ಟಿಯಲ್ಲಿ ಅಂಚಿನ ಸುತ್ತ ಮೆಲ್ಲಗೆ ಗುದ್ದುತ್ತಾ ಬಂದ್ರೆ ಐಸ್ ಬಿರುಕು ಬಿಡುತ್ತಂತೆ.

ಅಸಲಿಗೆ ಅಂಟೋದು ಯಾಕೆ ಗೊತ್ತಾ? ಮುಚ್ಚಳದ ಮೇಲೆ ಹಿಮ ಕೂರುತ್ತೆ. ಹಗಲು ಬಿಸಿಲಿಗೆ ಕಪ್ಪು ಪ್ಲಾಸ್ಟಿಕ್ ಕಾದು ಒಂಚೂರು ಕರಗುತ್ತೆ. ಆ ನೀರು ಮುಚ್ಚಳಕ್ಕೂ ಅಂಚಿಗೂ ನಡುವಿನ ಸಂದಿಗೆ ಇಳಿದು ರಾತ್ರಿ ಗಟ್ಟಿಯಾಗುತ್ತೆ. ಅಂದ್ರೆ ಅಂಟಿಸೋದು ಚಳಿ ಒಂದೇ ಅಲ್ಲ, ಮಧ್ಯಾಹ್ನದ ಬಿಸಿಲೂ ಪಾಲುದಾರ! ಒಳಗಿಂದ ಇನ್ನೊಂದು ಕಾಟ. ಬಿಸಿ ಅನ್ನ, ಟೀ ಚರಟ ಹಾಗೇ ಎಸೆದ್ರೆ ಅದರ ಹಬೆ ಮುಚ್ಚಳದ ಕೆಳಗೆ ಕೂತು ಮಂಜಾಗುತ್ತೆ.

ಅದಕ್ಕೆ ಅಕ್ಕ ಈಗ ಒಣಗಿದ ದಿನ ನೋಡಿ ಅಂಚು ಒರೆಸಿ, ಸುತ್ತ ವ್ಯಾಸಲೀನ್ ಸವರ್ತಾಳೆ, ಹಿಂದಿನ ಕೀಲಿಗೂ. ಜಿಡ್ಡಿದ್ರೆ ನೀರು ಅಲ್ಲಿ ಹಿಡಿಯಲ್ಲ. ಅಡುಗೆ ಎಣ್ಣೆ ಸ್ಪ್ರೇನೂ ಆಗುತ್ತೆ, ಬೇಗ ಹೋಗುತ್ತೆ ಅಷ್ಟೇ. ಕೊಬ್ಬರಿ ಎಣ್ಣೆ ಆಗಲ್ವಾ ಅಂತ ಅಮ್ಮ ಕೇಳಿದ್ಲು. ಡಿಸೆಂಬರಲ್ಲಿ ಹಾಸನದಲ್ಲೇ ಅದು ಬಾಟಲಿಂದ ಇಳಿಯಲ್ಲ, ಬಿಡಿ. ಹಿಮ ನಿಂತ ತಕ್ಷಣ, ಬಿಸಿಲು ಬೀಳೋಕೆ ಮುಂಚೆ, ಪೊರಕೆಯಲ್ಲಿ ಮುಚ್ಚಳ ಗುಡಿಸಿಬಿಡಬೇಕು. ಹಸಿ ಕಸ ಆರಿಸಿ, ಪೇಪರಲ್ಲಿ ಸುತ್ತಿ ಹಾಕಬೇಕು, ಇಲ್ಲಾಂದ್ರೆ ಮುಚ್ಚಳ ತೆರೆದ್ರೂ ಕಸ ತಳಕ್ಕೇ ಕಚ್ಚಿರುತ್ತೆ.

ಉಪ್ಪು? ಮಾಮೂಲಿ ಕಲ್ಲುಪ್ಪು ಸುಮಾರು ಮೈನಸ್ 9ರವರೆಗೆ ಚೆನ್ನಾಗಿ ಕೆಲಸ ಮಾಡುತ್ತೆ, ಅದಕ್ಕಿಂತ ಕೆಳಗೆ ದಂಡ. ಕ್ಯಾಲ್ಸಿಯಂ ಕ್ಲೋರೈಡ್ ಆದ್ರೆ ಇನ್ನೂ ಜಾಸ್ತಿ ಚಳಿ ತಡೆಯುತ್ತೆ, ಬೆಲೆನೂ ಜಾಸ್ತಿ. ಬಸುರಿ ಹೆಂಗಸು ಉಪ್ಪಿನ ಮೂಟೆ ಹೊರೋದಕ್ಕಿಂತ ಒಂದು ಡಬ್ಬಿ ವ್ಯಾಸಲೀನೇ ವಾಸಿ. ಇದಕ್ಕೆ ಕಾಸ್ಟಿಂಗ್ ಮೇಷ್ಟ್ರ ಹತ್ರ ಹೋಗೋದೂ ಬೇಡ.

ಈ ವಾರ ಮುಚ್ಚಳ ತೆರೀತು, ಲಾರಿ ಖಾಲಿ ಮಾಡ್ಕೊಂಡು ಹೋಯ್ತು. ಡಬ್ಬಿ ರಸ್ತೆವರೆಗೂ ತಳ್ಳೋದು ಮಾತ್ರ ಅಕ್ಕ ಅಲ್ಲ, ಪಕ್ಕದ ಮನೆ ಅಜ್ಜ. ತಮ್ಮದರ ಜೊತೆ ಇವಳದ್ದೂ ತಗೊಂಡು ಹೋಗ್ತಾರೆ. ಅವರಿಗೆ ಅಕ್ಕ ಚಿತ್ರಾನ್ನ ಕೊಟ್ಟಿದ್ದಾಳೆ, ಹಸಿಮೆಣಸು ಎತ್ತಿಟ್ಟು.

ಅಮ್ಮನ ವೀಸಾ ಇಂಟರ್‌ವ್ಯೂ ಬರೋ ವಾರ, ಚೆನ್ನೈಯಲ್ಲಿ. ಸೂಟ್‌ಕೇಸಿಗೆ ಈಗಾಗಲೇ ಎರಡು ಡಬ್ಬಿ ವ್ಯಾಸಲೀನ್ ಸೇರಿದೆ. ಅಲ್ಲೂ ಸಿಗುತ್ತಮ್ಮಾ ಅಂದ್ರೆ ಕೇಳಲ್ಲ.

#ಮೈನಸ್‌ಡಿಗ್ರಿಕಥೆಗಳು #ಅಕ್ಕ #ಹಾಸನದಹುಡುಗ