ಫೋರ್ತ್ ಸೀಟಿನ ಲೆಕ್ಕ

ಮುಂಬಯಿ ಲೋಕಲಿನಲ್ಲಿ ಮೂವರ ಸೀಟಿಗೆ ನಾಲ್ವರು ಕೂರುವುದು ವಾಡಿಕೆ. ಅಂಚಿನ ಆ ಜಾಗಕ್ಕೆ ಫೋರ್ತ್ ಸೀಟ್ ಎಂದೇ ಹೆಸರು. ಕಾಮೋಠೆಯ ನಾವು ಮಾನಸರೋವರ ಸ್ಟೇಷನ್ನಿನಲ್ಲಿ ಹಾರ್ಬರ್ ಲೈನಿನ ಗಾಡಿ ಹತ್ತಿದಾಗ ಅದು ಸಿಕ್ಕರೂ ಪುಣ್ಯ. ನಾಲ್ವರು ಗೆಳೆಯರು ಹೀಗೆ ಕೂತರು ಅನ್ನಿ. ಯಾರು ಎಲ್ಲೆಲ್ಲಿ ಕೂರಬಹುದು ಎಂದರೆ 4×3×2×1, ಅಂದರೆ 24 ಬಗೆ. ಫೋರ್ತ್ ಸೀಟ್ ಯಾರ ಪಾಲಿಗೆ ಎಂದಷ್ಟೇ ಕೇಳಿದರೆ ನಾಲ್ಕೇ ಬಗೆ. ಜನ ಅವರೇ, ಸೀಟೂ ಅದೇ. ಕೇಳಿದ ಪ್ರಶ್ನೆ ಬೇರೆ.

ನಮ್ಮ ಬಿಲ್ಡಿಂಗಿನ ಕನ್ನಡದ ಹುಡುಗಿಯೊಬ್ಬಳು ಮಹಾರಾಷ್ಟ್ರದ ಪ್ರವೇಶ ಪರೀಕ್ಷೆಯಾದ ಎಂಎಚ್‌ಟಿ-ಸಿಇಟಿಗೆ ಓದುತ್ತಿದ್ದಾಳೆ. ಗಣಿತಕ್ಕೆ 90 ನಿಮಿಷ, 50 ಪ್ರಶ್ನೆ. ಆ ಅವಸರದಲ್ಲಿ ಮಕ್ಕಳು ಪ್ರಶ್ನೆ ಪೂರ್ತಿ ಓದುವ ಮೊದಲೇ ಸೂತ್ರ ಹುಡುಕುತ್ತಾರೆ.

“ಅಂಕಲ್, ಇದಕ್ಕೆ ಪಿ ಹಾಕಬೇಕಾ, ಸಿ ಹಾಕಬೇಕಾ?”

“ಆರಿಸಿದವರಲ್ಲಿ ಇಬ್ಬರನ್ನು ಅದಲುಬದಲು ಮಾಡಿ ನೋಡಮ್ಮಾ. ಹೊಸದೇನಾದರೂ ಆಯಿತಾ?”

ಆಯಿತು ಎಂದರೆ ಪಿ, ಅಂದರೆ ಕ್ರಮಯೋಜನೆ (ಪರ್ಮ್ಯುಟೇಶನ್); ಇಲ್ಲವೆಂದರೆ ಸಿ, ಅಂದರೆ ವಿಕಲ್ಪ (ಕಾಂಬಿನೇಶನ್). ಸೂತ್ರ ಆಮೇಲೆ ಬರಲಿ.

ಈ ಪಾಠದಲ್ಲಿ ನನಗೆ ತುಂಬ ಇಷ್ಟವಾದದ್ದು ‘ಕನಿಷ್ಠ ಒಬ್ಬರು’ ಎನ್ನುವ ಲೆಕ್ಕ. ಸೊಸೈಟಿಯ ಕಮಿಟಿಗೆ ಆರು ಗಂಡಸರು, ನಾಲ್ವರು ಹೆಂಗಸರಲ್ಲಿ ಮೂವರು ಬೇಕು; ಕನಿಷ್ಠ ಒಬ್ಬ ಹೆಂಗಸು ಇರಲೇಬೇಕು. ನಾಲ್ವರಲ್ಲಿ ಒಬ್ಬಾಕೆಯನ್ನು ಮೊದಲು ಆರಿಸಿ, ಉಳಿದ ಒಂಬತ್ತು ಜನರಿಂದ ಇಬ್ಬರನ್ನು ತೆಗೆದುಕೊಳ್ಳೋಣ ಎಂದು ಯಾರಿಗಾದರೂ ತೋಚುತ್ತದೆ: 4×36, 144. ತಪ್ಪು. ಇಬ್ಬರು ಹೆಂಗಸರಿರುವ ಕಮಿಟಿಯನ್ನು ಇಲ್ಲಿ ಎರಡು ಸಲ ಎಣಿಸಿದ್ದೇವೆ: ಒಮ್ಮೆ ಈಕೆ ಮೊದಲು ಬಂದಳೆಂದು, ಇನ್ನೊಮ್ಮೆ ಆಕೆ ಮೊದಲು ಬಂದಳೆಂದು. ಮೂವರೂ ಹೆಂಗಸರಾದರೆ ಮೂರು ಸಲ. ಒಟ್ಟು 120 ಕಮಿಟಿಗಳಲ್ಲಿ ಬರೀ ಗಂಡಸರಿರುವ 20 ಕಳೆಯಿರಿ, ಉತ್ತರ 100. ಬೇಡದ್ದನ್ನು ಎಣಿಸಿ ಬೇಕಾದ್ದನ್ನು ಪಡೆಯುವ ಈ ದಾರಿಯ ಚೆಲುವನ್ನು ಮಕ್ಕಳಿಗೆ ನಿಧಾನವಾಗಿ ತೋರಿಸಬೇಕು. ಶಾರ್ಟ್‌ಕಟ್ ಎಂದು ಬಾಯಿಪಾಠ ಮಾಡಿಸಿದರೆ ಮುಂದಿನ ಲೆಕ್ಕಕ್ಕೇ ಅದು ಕೈಕೊಡುತ್ತದೆ.

ಆ ಹುಡುಗಿಗೆ ಅವಳ ಗೈಡಿನಲ್ಲಿ ಇಲ್ಲದ ಒಂದು ಸಂಗತಿ ಹೇಳಿದೆ. ವಿಕಲ್ಪದ ಸಾಮಾನ್ಯ ನಿಯಮವನ್ನು 9ನೆಯ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಬರೆದಿಟ್ಟವನು ಮಹಾವೀರಾಚಾರ್ಯ, ನಮ್ಮ ಅಮೋಘವರ್ಷ ನೃಪತುಂಗನ ಕಾಲದವನು. ಸಂಸ್ಕೃತದ ಪುಸ್ತಕ, ಆದರೆ ಆ ರಾಜನ ರಾಜಧಾನಿ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವನ ನಿಯಮ ಇಷ್ಟೇ: ಮೇಲೆ ಇಳಿಯುವ ಸಂಖ್ಯೆಗಳ ಗುಣಲಬ್ಧ, ಕೆಳಗೆ ಒಂದರಿಂದ ಏರುವ ಸಂಖ್ಯೆಗಳ ಗುಣಲಬ್ಧ, ಭಾಗಿಸಿ. ಉದಾಹರಣೆಗೆ ಆತ ಆರಿಸಿಕೊಂಡದ್ದು ಷಡ್ರಸ: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ. ಮೂರು ರುಚಿ ಕೂಡಿಸುವುದಾದರೆ 6×5×4 ಅನ್ನು 1×2×3ರಿಂದ ಭಾಗಿಸಿ 20. ಎರಡೆರಡಾಗಿ 15, ಯುಗಾದಿಯ ಬೇವುಬೆಲ್ಲ ಅದರಲ್ಲೊಂದು. ಒಂದರಿಂದ ಆರರವರೆಗೆ ಎಲ್ಲ ಸೇರಿಸಿದರೆ 6, 15, 20, 15, 6, 1: ಒಟ್ಟು 63 ಬಗೆ.

ಹುಡುಗಿ ಪೆನ್ನು ಕಚ್ಚುತ್ತ ಕೂತಿದ್ದಳು. “ಪ್ರತಿ ರುಚಿಗೂ ಬೇಕು, ಬೇಡ ಅಂತ ಎರಡೇ ಅಲ್ವಾ ಅಂಕಲ್? ಆರು ಸಲ ಎರಡನ್ನ ಗುಣಿಸಿದ್ರೆ 64. ಏನೂ ಬಡಿಸದ ಎಲೆ ಒಂದು ಕಳೀಬೇಕು.”

ಮಹಾವೀರ ಮುಂದೆ ವಜ್ರ, ನೀಲ, ಮರಕತ, ಹವಳ, ಮುತ್ತುಗಳನ್ನು ಕೂಡಿಸಿ ಎಷ್ಟು ಬಗೆಯ ಹಾರ ಮಾಡಬಹುದು ಎಂದು ಕೇಳುತ್ತಾನೆ. ಅದಕ್ಕೆ ಅವಳು ಪೆನ್ನು ಕಾಗದಕ್ಕೆ ತಾಗಿಸದೆ 31 ಎಂದಳು.