ಇಪ್ಪತ್ತು ಗ್ರಾಂ ಕಮ್ಮಿ

ನಮ್ಮಮ್ಮನಿಗೆ ಯಾವ ಸಾಮಾನಾದರೂ ಸರಿ, ಮೊದಲು ಕೈಯಲ್ಲಿ ಎತ್ತಿ ನೋಡಬೇಕು. ಪಾತ್ರೆ ಅಂಗಡಿಯಲ್ಲಿ ಡಬರಿಯನ್ನು ಎತ್ತಿ, ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, "ತಗಡು" ಎಂದು ಕೆಳಗಿಟ್ಟರೆ ಮುಗಿಯಿತು. ಅಂಗಡಿಯವನು ಬಾಯಿ ಮುಚ್ಚಿಕೊಂಡು ಒಳಗಿಂದ ಬೇರೆ ಡಬರಿ ತರುತ್ತಿದ್ದ. ರೇಷ್ಮೆ ಸೀರೆಯನ್ನೂ ಬಣ್ಣ ನೋಡುವ ಮೊದಲು ಅಂಗೈ ಮೇಲಿಟ್ಟು ತೂಗುತ್ತಿದ್ದಳು. ಗಂಡು ನೋಡಲು ಹೋಗಿ ಬಂದ ಮೇಲೂ ಅವಳ ವರದಿ ಇದೇ ಧಾಟಿಯಲ್ಲಿರುತ್ತಿತ್ತು: "ಹುಡುಗನ ತಂದೆ ತೂಕದ ಮನುಷ್ಯ. ತಾಯಿ ಮಾತು ಸ್ವಲ್ಪ ಹಗುರ."

ಇಂಥವಳ ಮುಂದೆ ನನ್ನ ಹೊಸ ಲ್ಯಾಪ್‌ಟಾಪ್ ಪೆಟ್ಟಿಗೆಯಿಂದ ಹೊರಬಂತು. ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಸೊಗಡಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ಎತ್ತಿದಳು. ತಿರುಗಿಸಿದಳು. ಬೆನ್ನ ಮೇಲೆ ಗೆಣ್ಣಿನಿಂದ ಎರಡು ಸಲ ಕುಟ್ಟಿದಳು. ನನ್ನ ಎದೆಯಲ್ಲೇ ಕುಟ್ಟಿದ ಹಾಗಾಯಿತು.

"ಎಷ್ಟು ಕೊಟ್ಟೆ?"

ಸೀರೆಯ ಬೆಲೆ ಹೇಳಿ ಅಭ್ಯಾಸವಾದ ನಾಲಿಗೆ. ಇಪ್ಪತ್ತು ಸಾವಿರ ಇಳಿಸಿಯೇ ಹೇಳಿದೆ.

"ಅಷ್ಟಕ್ಕೆ ಇಷ್ಟೇನಾ?" ಎಂದು ವಾಪಸ್ ಕೊಟ್ಟಳು. "ಒಂದು ಕೆ.ಜಿ.ನೂ ಬರಲ್ಲ ಕಣೇ ಇದು."

ಮಗಳು ನಕ್ಕಳು. ಕೊಡಿಸಿದವಳು ಅವಳೇ. ಕೊಡಿಸಿದವಳು ಅಂದರೆ ಯಾವುದು ಎಂದು ಹೇಳಿ, ದುಡ್ಡು ನನ್ನ ಕಾರ್ಡಿನಿಂದ ಕಟ್ಟಿಸಿದವಳು. "ಅಜ್ಜಿ, ಹಗುರವಾಗಿರೋದಕ್ಕೇ ಜಾಸ್ತಿ ದುಡ್ಡು" ಎಂದು ವಿವರಿಸಹೊರಟಳು. ಅಮ್ಮ ಮೊಮ್ಮಗಳನ್ನು ಒಂದು ಗಳಿಗೆ ದಿಟ್ಟಿಸಿ, ಬೆಂಗಳೂರಿನಲ್ಲಿ ಇವಳಿಗೆ ಊಟ ಸರಿಯಾಗಿ ಸೇರುತ್ತಿಲ್ಲ ಎಂಬಂತೆ ಮುಖ ಮಾಡಿ, ಅವರೆಕಾಯಿ ಬುಟ್ಟಿ ಎಳೆದುಕೊಂಡಳು.

ಅಮ್ಮನ ಕೈ ಸುಳ್ಳು ಹೇಳಿದ್ದಿಲ್ಲ. ಆದರೂ ಸಂಜೆ ಬೇಳೆ ತರುವ ನೆಪದಲ್ಲಿ ಅದನ್ನು ಚೀಲದಲ್ಲಿಟ್ಟುಕೊಂಡು ಮೂಲೆಯ ಶೆಟ್ಟರ ಅಂಗಡಿಗೆ ಹೋದೆ. ಅವರ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಒಂದು ಕೆ.ಜಿ. ತೊಗರಿಬೇಳೆ ಇಳಿದ ಮೇಲೆ, "ಇದನ್ನೂ ಒಂದ್ಸಲ ಇಟ್ಟು ನೋಡ್ತೀರಾ" ಎಂದೆ. ಶೆಟ್ಟರು ಏನೂ ಕೇಳಲಿಲ್ಲ; ಮೂವತ್ತು ವರ್ಷದಲ್ಲಿ ಆ ತಕ್ಕಡಿ ಮೇಲೆ ಹಸುಗೂಸನ್ನೂ ತೂಗಿದ್ದಾರಂತೆ. ಕೆಂಪಂಕಿ ಓಲಾಡಿ 980ಕ್ಕೆ ನಿಂತಿತು. "ಇಪ್ಪತ್ತು ಗ್ರಾಂ ಕಮ್ಮಿ ಇದೆ ಮೇಡಂ," ಅಂದರು ಗಂಭೀರವಾಗಿ. "ಕಂಪನಿಯವ್ರು ಹೊಡ್ದಿದಾರೆ."

ಹಳೆಯದು 2 ಕೆ.ಜಿ. 600 ಗ್ರಾಂ ಇತ್ತು, ಅದರ ಚಾರ್ಜರಿನ ಇಟ್ಟಿಗೆ ಬಿಟ್ಟು. 2013ರಲ್ಲಿ ಕೊಂಡಿದ್ದು. ವಾರಕ್ಕೆ ಮೂರು ದಿನ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ಅನುವಾದಕಿ ನಾನು. ಎಪ್ಪತ್ತು ಕಿಲೋಮೀಟರು ದೂರ, ಅದರಲ್ಲಿ ಮುಕ್ಕಾಲು ಪಾಲು ನಿಂತೇ ಹೋಗುವುದು. ಹೀಗಾಗಿ ಆ ಲ್ಯಾಪ್‌ಟಾಪು ನನ್ನ ಎಡಭುಜದ ಮೇಲೆ ಜನಿವಾರದ ಗುರುತಿನ ಹಾಗೆ ಒಂದು ಗೆರೆ ಬರೆದಿದೆ. ಕ್ಯಾತ್ಸಂದ್ರ ದಾಟುವ ಹೊತ್ತಿಗೆ ಭುಜ ಜೋಮು ಹಿಡಿದರೆ, ಯಶವಂತಪುರದಲ್ಲಿ ಆ ಕೈ ನನ್ನದು ಎಂಬುದೇ ಮರೆತಿರುತ್ತಿತ್ತು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ "ನೀವೇನು ಮೂಟೆ ಹೊರ್ತೀರಾ?" ಎಂದು ಕೇಳಿದ ಮೇಲೆಯೇ ಮಗಳು ಈ ಹೊಸದರ ಹಟ ಹಿಡಿದದ್ದು.

ಆದರೂ ನನಗಿಂತ ಹಿಂದಿನವರ ಪಾಡು ನೆನೆದರೆ ಗೊಣಗುವ ಹಾಗಿಲ್ಲ. 1981ರಲ್ಲಿ ಅಮೆರಿಕದಲ್ಲಿ ಆಸ್ಬೋರ್ನ್ 1 ಎಂಬ ಕಂಪ್ಯೂಟರು ಬಂತು. 'ಹೊತ್ತೊಯ್ಯಬಹುದಾದದ್ದು' ಎಂದೇ ಅದರ ಹೆಗ್ಗಳಿಕೆ. ತೂಕ ಹನ್ನೊಂದು ಕೆ.ಜಿ. ಹತ್ತಿರ, ಪರದೆ ಮಾತ್ರ ಐದು ಇಂಚು, ಇವತ್ತಿನ ಮೊಬೈಲಿಗಿಂತ ಕಿರಿದು. ಹೊರಬಹುದು ಎಂದರೆ ಹೊರಬಹುದು. ಅಕ್ಕಿ ಮೂಟೆಯನ್ನೂ ಜನ ಹೊರುತ್ತಾರೆ. ಅಲ್ಲಿಂದ ಇಪ್ಪತ್ತೇಳು ವರ್ಷಕ್ಕೆ, 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯ ಮೇಲೆ ಕಚೇರಿಯ ಮಾಮೂಲಿ ಲಕೋಟೆಯೊಂದರ ದಾರ ಬಿಚ್ಚಿ, ಒಳಗಿಂದ ಮ್ಯಾಕ್‌ಬುಕ್ ಏರ್ ಎಳೆದು ತೋರಿಸಿದರು. ಸಭೆ ಹೋ ಎಂದಿತು. ಮಗಳು ಈ ವಿಡಿಯೋವನ್ನು ಅಜ್ಜಿಗೂ ತೋರಿಸಿದಳು. ಅಮ್ಮನಿಗೆ ಏನೂ ಅನ್ನಿಸಲಿಲ್ಲ. ಅಪ್ಪನ ಜೊತೆ ಕಚೇರಿ ಕಚೇರಿ ಅಲೆದವಳು. ಲಕೋಟೆಯಿಂದ ಇದಕ್ಕಿಂತ ತೂಕದ್ದು ಹೊರಬರುವುದನ್ನು ಕಂಡಿದ್ದಾಳೆ.

ಆ ಲಕೋಟೆಯ ಕಥೆಗೆ ಒಂದು ಬಾಲವಿದೆ. ಅದೇ ವರ್ಷ ಸ್ಟೀವನ್ ಲೆವಿ ಎಂಬ ಹೆಸರಾಂತ ಪತ್ರಕರ್ತರು ವಿಮರ್ಶೆಗೆಂದು ಕೊಟ್ಟಿದ್ದ ಏರ್ ಅನ್ನು ಮನೆಯಲ್ಲೇ ಕಳೆದುಕೊಂಡರು. ಹಳೇ ಪೇಪರಿನ ರಾಶಿಯೊಳಗೆ ಸೇರಿ ಕಸಕ್ಕೆ ಹೋಗಿರಬೇಕು ಎಂದು ಅವರೇ ಬರೆದುಕೊಂಡರು. ಇದನ್ನು ಓದಿದಂದಿನಿಂದ ನಮ್ಮ ಬೀದಿಯಲ್ಲಿ "ಹಳೇ ಪೇಪರ್..." ಎಂಬ ಕೂಗು ಕೇಳಿದರೆ ಸಾಕು, ಕುಕ್ಕರ್ ಕೂಗುತ್ತಿದ್ದರೂ ಬಿಟ್ಟು ಮೇಜಿನ ಹತ್ತಿರ ಓಡುತ್ತೇನೆ. ಒಂದು ದಿನ ನಮ್ಮವರು ಅದರ ಮೇಲೆ ವಾರಪತ್ರಿಕೆಗಳನ್ನು ಜೋಡಿಸಿ, ಗೋಣಿದಾರ ಹುಡುಕುತ್ತಿದ್ದರು. ಸುಮ್ಮನೆ ಹೇಳುತ್ತಿಲ್ಲ.

ಹಗುರದ ಮೊದಲ ಉಪದ್ರವ ಶುರುವಾದದ್ದು ರೈಲಿನಲ್ಲಿ. ಮೊದಲ ದಿನ ನಿಡವಂದ ಬರುವಷ್ಟರಲ್ಲಿ ಬ್ಯಾಗಿನ ಜಿಪ್ಪನ್ನು ನಾಲ್ಕು ಸಲ ತೆಗೆದು ನೋಡಿದ್ದೆ. ಹಳೆಯದು ಇದೆಯೋ ಇಲ್ಲವೋ ಎಂದು ಯಾವತ್ತೂ ನೋಡಬೇಕಾಗಿರಲಿಲ್ಲ. ಭುಜವೇ ನಿಮಿಷಕ್ಕೊಮ್ಮೆ ಸಾಕ್ಷಿ ಹೇಳುತ್ತಿತ್ತು. ಇದು ಇದ್ದರೂ ಇಲ್ಲದ ಹಾಗೆ. ಎದುರಿಗೆ ಹೂ ಕಟ್ಟುತ್ತಾ ಕೂತಿದ್ದ ಹೆಂಗಸು ನನ್ನನ್ನೇ ಗಮನಿಸುತ್ತಿದ್ದವಳು, "ದುಡ್ಡಿದ್ರೆ ಹಂಗೆ ಪದೇ ಪದೇ ಮುಟ್ಟಿ ನೋಡ್ಬಾರ್ದಕ್ಕಾ, ಕಳ್ರಿಗೆ ಗೊತ್ತಾಗುತ್ತೆ" ಎಂದು ಬುದ್ಧಿ ಹೇಳಿದಳು. ಮಾರನೆಯ ದಿನದಿಂದ ಬ್ಯಾಗಿಗೆ ಒಂದು ಕೊಡೆ ಹಾಕಿದೆ. ಆಮೇಲೆ ನೀರಿನ ಬಾಟ್ಲಿ. ಜಾಗ ಇದೆಯಲ್ಲ ಎಂದು ನಿಘಂಟು. ಮೊದಲು ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಚಿತ್ರಾನ್ನ ಮತ್ತೆ ಸ್ಟೀಲ್ ಡಬ್ಬಿಗೆ ಬಂತು.

ಇನ್ನು ತೂತುಗಳ ವಿಚಾರ. ಹಳೆಯದರ ಸುತ್ತ ಸಾಲು ಸಾಲು ಕಿಂಡಿಗಳಿದ್ದವು: ಪ್ರೊಜೆಕ್ಟರಿನದು, ನೆಟ್ ತಂತಿಯದು, ಮೂರು ಯುಎಸ್‌ಬಿ, ಬದಿಯಲ್ಲಿ ಸಿಡಿ ಹಾಕುವ ತಟ್ಟೆ. ಹೊಸದಕ್ಕೆ ಇರುವುದು ಮೂಗುಬೊಟ್ಟಿನ ತೂತಿನಂಥ ಎರಡು. ಎರಡೂ ಟೈಪ್ ಸಿ. ಅವುಗಳಲ್ಲೊಂದು ಚಾರ್ಜರಿಗೆ ಹೋಯಿತು. ಉಳಿದೊಂದಕ್ಕೆ ಹಬ್ ಎಂಬ ಉಪಕರಣ ಸಿಕ್ಕಿಸಿ, ಅದಕ್ಕೆ ಮೌಸು, ಪೆನ್‌ಡ್ರೈವು, ಪ್ರಿಂಟರಿನ ವೈರು ಎಲ್ಲ ಸಿಕ್ಕಿಸಿದಾಗ ಮರಿಗಳಿಗೆ ಹಾಲೂಡುತ್ತಾ ಮಲಗಿದ ಬೀದಿನಾಯಿಯ ಹಾಗೆ ಕಾಣುತ್ತದೆ. ಈ ಹಬ್ಬನ್ನೂ ಬ್ಯಾಗಿಗೆ ಹಾಕಿಕೊಳ್ಳಬೇಕು.

ಆದರೆ ನಿಜವಾಗಿ ನನ್ನನ್ನು ಸತಾಯಿಸಿದ್ದು ಎಫ್ ಕೀಲಿ. ಇದು ಕನ್ನಡ ಬರೆಯುವವರ ಮನೆಯ ಸಂಕಟ. ಬೇರೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ಕೆ.ಪಿ. ರಾಯರು ಹಾಕಿಕೊಟ್ಟ ಕೀಲಿಮಣೆ ವಿನ್ಯಾಸ ನನ್ನ ಬೆರಳಿಗೆ ಕೂತಿರುವುದು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲೂ ಅದೇ. ಇಂಗ್ಲಿಷಿನ ಇಪ್ಪತ್ತಾರು ಕೀಲಿಯಲ್ಲೇ ನಮ್ಮ ಅಷ್ಟೂ ಅಕ್ಷರಗಳನ್ನು ಸಂಸಾರ ಹೂಡಿಸಿದ ಜಾಣತನ ಅದು. ಅದರಲ್ಲಿ ಒತ್ತಕ್ಷರ ಬೇಕಾದಾಗ ನಡುವೆ ಎಫ್ ಒತ್ತಬೇಕು. ಕನ್ನಡದಲ್ಲಿ ಒತ್ತಿಲ್ಲದ ವಾಕ್ಯ ಎಲ್ಲಿದೆ? ಅಕ್ಕ, ಅಣ್ಣ, ಅಮ್ಮ, ಅಪ್ಪ, ಅಜ್ಜ, ಇಡೀ ಮನೆಯೇ ಒತ್ತಿನ ಮೇಲೆ ನಿಂತಿದೆ. ಹಳೇ ಲ್ಯಾಪ್‌ಟಾಪಿನಲ್ಲಿ ಎಫ್ ಅಕ್ಷರ ಪೂರ್ತಿ ಸವೆದು, ಬೆರಳಿಗೆ ಸಿಗುವ ಆ ಪುಟ್ಟ ಉಬ್ಬೊಂದೇ ಉಳಿದಿತ್ತು. ರಿಪೇರಿ ಹುಡುಗ, "ಎಲ್ಲರದೂ ಎ, ಇ ಸವೆದಿರುತ್ತೆ ಮೇಡಂ, ನಿಮ್ಮದು ಎಫ್ ಹೆಂಗೆ?" ಎಂದು ಚಕಿತನಾಗಿದ್ದ.

ಹೊಸದರ ಕೀಲಿಗಳು ಒತ್ತಿದರೆ ಒಂದು ಮಿಲಿಮೀಟರು ಇಳಿದರೆ ಹೆಚ್ಚು. ಟೈಪಿಸುವುದೆಂದರೆ ತಟ್ಟೆಯಲ್ಲಿ ಹರಡಿದ ಅವಲಕ್ಕಿಯ ಮೇಲೆ ಬೆರಳಾಡಿಸಿದ ಹಾಗೆ. ನನ್ನ ಎಡಗೈ ತೋರುಬೆರಳಿಗೆ ಎಫ್ ಒತ್ತಿದ್ದೇನೋ ಇಲ್ಲವೋ ಎಂದೇ ಗೊತ್ತಾಗದೆ, ಮೊದಲ ವಾರದ ನನ್ನ ಅನುವಾದದಲ್ಲೆಲ್ಲ ಅಕಕ, ಅಣಣ, ಅಮಮ, ಅಜಜ. 'ಕನ್ನಡ'ವೇ 'ಕನನಡ'ವಾಯಿತು. ಎಡವಟ್ಟು ತಪ್ಪಿಸಲು ಜೋರಾಗಿ ಒತ್ತತೊಡಗಿದೆ. ಲ್ಯಾಪ್‌ಟಾಪಿಗೇ ತೂಕವಿಲ್ಲವಲ್ಲ, ಒತ್ತಿದ ಹಾಗೆಲ್ಲ ಅದು ಮೇಜಿನ ಮೇಲೆ ಹಿಂದೆ ಹಿಂದೆ ಸರಿಯುತ್ತಿತ್ತು. ಒಂದು ಪುಟ ಮುಗಿಯುವಷ್ಟರಲ್ಲಿ ಗೋಡೆಗೆ ಹೋಗಿ ತಗುಲಿರುತ್ತಿತ್ತು.

ಹಳೆಯದರಲ್ಲಿದ್ದ ಕಡತಗಳೆಲ್ಲ ಹೊಸದಕ್ಕೆ ಹೋಗುತ್ತಿದ್ದಾಗ ಅಮ್ಮ ಪಕ್ಕದಲ್ಲಿ ಬಂದು ಕೂತಳು. ಏನು ಮಾಡ್ತಿದೀಯ ಎಂದಳು. ಹತ್ತು ವರ್ಷದ ಬರವಣಿಗೆ, ಫೋಟೋ, ಮದುವೆ ವಿಡಿಯೋ ಎಲ್ಲ ತುಂಬ್ತಿದೀನಿ ಎಂದೆ.

"ಅಷ್ಟು ತುಂಬಿದ್ರೆ ಭಾರ ಆಗಲ್ವಾ?"

ನಗು ಬಂತು. ಆಮೇಲೆ ನಗಲಾಗಲಿಲ್ಲ. ಒಳಗೆ ಎಲೆಕ್ಟ್ರಾನುಗಳು ಅತ್ತಿಂದಿತ್ತ ಸರಿದು ಒಂದೊಂದು ಗೂಡಿನಲ್ಲಿ ಸಿಕ್ಕಿಕೊಳ್ಳುತ್ತವೆ, ಹೊಸದಾಗಿ ಬಂದು ಸೇರುವ ಸರಕೇನೂ ಇಲ್ಲ ಎಂದು ಮಗಳು ಫೋನಿನಲ್ಲಿ ತಿಳಿಸಿದಳು. ಆದರೂ ಮಾರನೆಯ ದಿನ ಸಕ್ಕರೆ ತರಲು ಹೋದಾಗ ಇನ್ನೊಂದು ಸಲ ಇಟ್ಟು ನೋಡಿದೆ. 980. ಅಪ್ಪನ ಷಷ್ಟಿಪೂರ್ತಿಯ ನೂರಾ ಹತ್ತು ಫೋಟೋ ಒಳಗಿದ್ದವು.

ಗುಂಡ, ಅಂದರೆ ನಮ್ಮ ಬೆಕ್ಕು, ತನ್ನ ತೀರ್ಪನ್ನು ಎರಡೇ ದಿನದಲ್ಲಿ ಕೊಟ್ಟ. ಹಳೆಯದರ ಎಡಬದಿಯ ಜಾಲರಿಯಿಂದ ಬಿಸಿಗಾಳಿ ಬರುತ್ತಿತ್ತು. ಚಳಿಗಾಲವಿಡೀ ಅವನ ಹಾಸಿಗೆ ಅಲ್ಲಿಯೇ. ಹೊಸದರ ಪಕ್ಕ ಮಲಗಿ, ಮೈ ತಿರುಗಿಸಿ ಮತ್ತೊಂದು ಬದಿಗೂ ಹೋಗಿ ನೋಡಿ, ಎದ್ದು ಅಡುಗೆಮನೆಯ ಫ್ರಿಜ್ಜಿನ ಹಿಂದಕ್ಕೆ ಬಿಡಾರ ಬದಲಿಸಿದ. ಇದಕ್ಕೂ ಒಳಗೆ ಫ್ಯಾನ್ ಇದೆ ಎಂದು ಮಗಳು ಹೇಳುತ್ತಾಳೆ. ಇರಬಹುದು. ಅದು ಉಸಿರಾಡಿದ್ದು ನನಗಂತೂ ಕೇಳಿಸಿಲ್ಲ.

ಹಳೆಯದರ ಫ್ಯಾನು ಗಿರಣಿಯ ಹಾಗೆ. ರಾತ್ರಿ ಹನ್ನೊಂದರ ಮೇಲೆ ಬೀದಿ ಸದ್ದಡಗಿದಾಗ ಅದರ ಗೊರಗೊರ ಒಳಕೋಣೆಯ ತನಕ ಹೋಗುತ್ತಿತ್ತು. ಅಮ್ಮ ಅಲ್ಲಿಂದಲೇ, "ಇನ್ನೂ ಮಲಗಿಲ್ವೇನೇ?" ಅನ್ನುತ್ತಿದ್ದಳು. "ಐದು ನಿಮಿಷ" ಅನ್ನುತ್ತಿದ್ದೆ. ಅರ್ಧ ಗಂಟೆಗೆ ಮತ್ತೆ ಅದೇ ಪ್ರಶ್ನೆ, ಅದೇ ಐದು ನಿಮಿಷ. ಐವತ್ತು ದಾಟಿದ ಹೆಂಗಸನ್ನು ಹೀಗೆ ಕೇಳುತ್ತಾರಾ ಎಂದು ಎಷ್ಟು ಸಲ ಸಿಡುಕಿದ್ದೇನೋ. ಈಗ ಸದ್ದೇ ಇಲ್ಲ. ಮೊನ್ನೆ ಗಡಿಯಾರ ನೋಡಿದರೆ ಎರಡು ಗಂಟೆ. ಯಾರೂ ಕೇಳಿರಲಿಲ್ಲ.

ಹಳೆಯದನ್ನು ಏನು ಮಾಡುವುದು? ವಿಚಾರಿಸಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಮುಚ್ಚಳ ತೆಗೆದೂ ನೋಡದೆ ಕೈಯಲ್ಲಿ ಎತ್ತಿ, "ತೂಕಕ್ಕೆ ಹಾಕಿದ್ರೆ ಒಂದಿಷ್ಟು ಬರುತ್ತೆ" ಅಂದರು. ಅಮ್ಮನ ಶಾಸ್ತ್ರ ಗೊತ್ತಿದ್ದವರು ಇನ್ನೊಬ್ಬರು ಸಿಕ್ಕಿದರಲ್ಲ ಎನ್ನಿಸಿತು. ಕೊಡದೆ ಹೊತ್ತು ತಂದೆ. ಭುಜ ಗುರುತು ಹಿಡಿಯಿತು.

ಕೊಡದಿದ್ದುದೇ ಒಳ್ಳೆಯದಾಯಿತು. ಬೀರು ಒರೆಸುವಾಗ 2006ರ ಸಿಡಿಯೊಂದು ಸಿಕ್ಕಿತು, ಮೇಲೆ ನನ್ನ ಅಕ್ಷರದಲ್ಲಿ 'ಅಪ್ಪ - ಅರ್ಜಿಗಳು'. ನಮ್ಮ ಹಳ್ಳಿ ಜಮೀನಿನ ಬದುವನ್ನು ಪಕ್ಕದವರು ಒಂದು ಮೊಳ ಒತ್ತಿದ್ದಾರೆ ಎಂದು ಅಪ್ಪ ಹತ್ತಾರು ವರ್ಷ ಅರ್ಜಿ ಬರೆದರು. ಕಣ್ಣು ಮಂಜಾದ ಮೇಲೆ ಅವರು ಹೇಳುವುದು, ನಾನು ಟೈಪಿಸುವುದು. ಹೊಸದರಲ್ಲಿ ಸಿಡಿಗೆ ಜಾಗವಿಲ್ಲ. ಹಳೆಯದರಲ್ಲಿ ಹಾಕಿ, ಪೆನ್‌ಡ್ರೈವಿಗೆ ತೆಗೆದು, ಹೊಸದರಲ್ಲಿ ತೆರೆದರೆ ಬರೀ ಇಂಗ್ಲಿಷ್ ಚಿಹ್ನೆ, ಸೊಟ್ಟ ಗೆರೆಗಳು. ಯೂನಿಕೋಡಿಗೆ ಬರುವ ಮೊದಲು ನುಡಿಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿ ನಿಲ್ಲಿಸುತ್ತಿದ್ದವು. ಆ ಫಾಂಟು ಇಲ್ಲದಲ್ಲಿ ವೇಷ ಕಳಚಿ ನಿಲ್ಲುತ್ತವೆ. ಬದಲಾಯಿಸುವ ತಂತ್ರಾಂಶ ಇದೆ. ಹಾಕಿ ನೋಡಿದೆ. ಅಪ್ಪನ ಸಿಟ್ಟು ಬಹುಪಾಲು ಬಂತು, ಅರ್ಕಾವತ್ತುಗಳು ಮಾತ್ರ ಎಲ್ಲೆಲ್ಲೋ ಹೋಗಿ ಕೂತವು. ಬದು ಒತ್ತಿಸಿಕೊಂಡವರ ಅರ್ಜಿಯಲ್ಲಿ ಒತ್ತೂ ಜಾಗ ತಪ್ಪಿದ್ದನ್ನು ಅಪ್ಪ ಸಹಿಸುತ್ತಿರಲಿಲ್ಲ.

ಹೀಗಾಗಿ ನಿನ್ನೆ ರಾತ್ರಿ ಹಳೆಯದನ್ನೇ ಮೇಜಿಗೆ ತಂದೆ. ಎದ್ದು ಕೂರಲು ಆರು ನಿಮಿಷ ತೆಗೆದುಕೊಂಡಿತು. ಸಿಡಿ ಒಳಗೆ ಗಿರ್ರೆಂದು ಸುತ್ತಿತು. 'ಮಾನ್ಯ ತಹಶೀಲ್ದಾರರ ಸನ್ನಿಧಾನಕ್ಕೆ' ಎಂಬಲ್ಲಿಂದ ಎಲ್ಲ ಸರಿಯಾಗಿತ್ತು, ಪ್ರತಿ ಒತ್ತೂ ತನ್ನ ಜಾಗದಲ್ಲಿ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಫ್ಯಾನು ಶುರುವಾಯಿತು. ಫ್ರಿಜ್ಜಿನ ಹಿಂದಿನಿಂದ ಗುಂಡ ಮೈಮುರಿಯುತ್ತಾ ಬಂದು ಜಾಲರಿಗೆ ಬೆನ್ನು ಕೊಟ್ಟು ಮಲಗಿದ. ಒಳಕೋಣೆಯಲ್ಲಿ ಮಂಚ ಕಿರ್ ಎಂದಿತು.

"ಇನ್ನೂ ಮಲಗಿಲ್ವೇನೇ?"

"ಐದು ನಿಮಿಷ ಅಮ್ಮಾ" ಎಂದೆ. ಅಪ್ಪನ ಅರ್ಜಿ ಇನ್ನೂ ಹದಿನಾಲ್ಕು ಪುಟ ಬಾಕಿ ಇತ್ತು.