ಈ ಶನಿವಾರ ಎಲ್ಲಿ?

ಗುರುವಾರ ಸಂಜೆಯಾಯಿತೆಂದರೆ, ಈ ವಾರ ಯಾರು ಎಲ್ಲಿ ಬಾರಿಸುತ್ತಿದ್ದಾರೆ ಎಂದು ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಹೋಗುತ್ತೇನೋ ಬಿಡುತ್ತೇನೋ, ಅದು ಆಮೇಲಿನ ಮಾತು. ಮೊಬೈಲು ಹಿಡಿದು ಕೂತರೆ ಇಂದಿರಾನಗರದಲ್ಲೊಂದು ರಾಕ್ ಬ್ಯಾಂಡು, ವೈಟ್‌ಫೀಲ್ಡಿನಲ್ಲಿ ಜಾಝ್ ಮಂದಿ, ಕೋರಮಂಗಲದ ಯಾವುದೋ ನಾಲ್ಕನೇ ಮಹಡಿಯಲ್ಲಿ ಕನ್ನಡ ರ‍್ಯಾಪು, ದೊಮ್ಮಲೂರಿನಲ್ಲಿ ತತ್ವಪದಕ್ಕೆ ಬೇಸ್ ಗಿಟಾರು ಜೋಡಿಸಿದ ಹುಡುಗರು. ಸಿನಿಮಾದ ಹಂಗಿಲ್ಲದೆ, ದೊಡ್ಡ ಆಡಿಯೊ ಕಂಪನಿಯ ಆಸರೆಯಿಲ್ಲದೆ, ತಮ್ಮ ಹಾಡು ತಾವೇ ಕಟ್ಟಿ ತಾವೇ ಹಾಡುವವರು. ಪಟ್ಟಿಯನ್ನು ವರ್ಷಗಟ್ಟಲೆ ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಬ್ಯಾಂಡಿನ ಹೆಸರು ಹಳತು, ವಿಳಾಸ ಮಾತ್ರ ಹೊಸತು.

ಅರ್ಧ ಆಯಸ್ಸು ಬಾಡಿಗೆ ಮನೆಗಳಲ್ಲೇ ಕಳೆದ ನನಗೆ ಇದು ವಿಚಿತ್ರವೆನಿಸುವುದಿಲ್ಲ. ಬೆಂಗಳೂರಿನ ಈ ಸಂಗೀತವೂ ಮೊದಲಿನಿಂದ ಬಾಡಿಗೆದಾರನೇ. ಕಾಲೇಜಿನ ಆಡಿಟೋರಿಯಮ್ಮು, ಪಬ್ಬಿನ ಮೂಲೆ, ಸ್ನೇಹಿತನ ಅಪ್ಪನ ಗ್ಯಾರೇಜು. ಓನರು ಹೇಳಿದ ದಿನ ಆಂಪ್ಲಿಫೈಯರು ಹೊತ್ತುಕೊಂಡು ಜಾಗ ಖಾಲಿ ಮಾಡಬೇಕು.

ನಾನು ಅರಸೀಕೆರೆಯಿಂದ ಇಲ್ಲಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ರೂಮ್‌ಮೇಟ್ ಒಬ್ಬ, ‘ಬಾ ಗುರೂ, ದುಡ್ಡೇನೂ ಕೊಡಬೇಕಾಗಿಲ್ಲ’ ಎಂದು ಫ್ರೀಡಂ ಜ್ಯಾಮ್‌ಗೆ ಎಳೆದುಕೊಂಡು ಹೋದ. 1996ರಲ್ಲಿ ಶುರುವಾದ, ಆಗಸ್ಟ್ 15ರ ಆಸುಪಾಸಿನಲ್ಲಿ ನಡೆಯುವ, ಒಂದರ ಹಿಂದೊಂದು ಬ್ಯಾಂಡು ಬಂದು ಬಾರಿಸಿಹೋಗುವ ಪುಕ್ಕಟೆ ಹಬ್ಬ ಅದು. ನಮ್ಮೂರ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಕೇಳಿ ಬೆಳೆದ ಕಿವಿ ನನ್ನದು. ಆರ್ಕೆಸ್ಟ್ರಾದಲ್ಲಿ ಹಾಡು ಕ್ಯಾಸೆಟ್ಟಿನಲ್ಲಿ ಇದ್ದ ಹಾಗೇ ಬರಬೇಕು. ರಾಜ್‌ಕುಮಾರ್ ಉಸಿರು ತೆಗೆದುಕೊಂಡ ಕಡೆಯೇ ಇವನೂ ತೆಗೆದುಕೊಂಡರೆ ಶಿಳ್ಳೆ. ಇಲ್ಲಿ ನೋಡಿದರೆ ಯಾರಿಗೂ ಗೊತ್ತಿಲ್ಲದ ಹಾಡನ್ನು ಹಾಡಿ ಚಪ್ಪಾಳೆ ನಿರೀಕ್ಷಿಸುತ್ತಿದ್ದಾರೆ! ಆ ಭಂಡಧೈರ್ಯಕ್ಕೇ ನಾನು ಮರುಳಾದೆ. ಪಬ್ಬುಗಳಲ್ಲಿ ಅದು ಇನ್ನೂ ಕಷ್ಟ. ಎರಡು ಬಿಯರು ಇಳಿದವನಿಗೆ ‘ಹೋಟೆಲ್ ಕ್ಯಾಲಿಫೋರ್ನಿಯಾ’ವೇ ಬೇಕು. ಕ್ರೈಸ್ಟ್ ಕಾಲೇಜಿನ ಹುಡುಗರು ಅದೇ 1996ರಲ್ಲಿ ಕಟ್ಟಿದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ತಮ್ಮದೇ ಹಾಡುಗಳನ್ನು ಹಾಡುತ್ತ ಇಷ್ಟು ವರ್ಷ ಬಾಳಿಬಂತಲ್ಲ, ಈ ಊರಿನಲ್ಲಿ ಅದೇನು ಸಣ್ಣ ಮಾತಲ್ಲ.

ನನಗೆ ಕಛೇರಿಗಿಂತ ಅದಕ್ಕೆ ಮುಂಚಿನ ಸೌಂಡ್‌ಚೆಕ್ ಒಂದು ಕೈ ಹೆಚ್ಚು ಇಷ್ಟ. ಮೇಜುಗಳನ್ನು ಇನ್ನೂ ಒರೆಸುತ್ತಿರುತ್ತಾರೆ. ಸೌಂಡಿನವನು ಹಿಂದಿನಿಂದ ‘ಕಿಕ್ ಕೊಡಿ’ ಎನ್ನುತ್ತಾನೆ. ಡ್ರಮ್ಮರು ಕಾಲಲ್ಲಿ ಧಪ್, ಧಪ್, ಧಪ್ ಎಂದು ಒಂದೇ ಸಮ ತುಳಿಯುತ್ತಾನೆ, ಸಾಕು ಅನ್ನುವತನಕ. ಆಮೇಲೆ ಸ್ನೇರು, ಆಮೇಲೆ ಟಾಮು. ಬೇಸಿನವಳು ಗೋಡೆಗೆ ಮುಖ ಮಾಡಿ ಶ್ರುತಿ ಮಾಡಿಕೊಳ್ಳುತ್ತಾಳೆ. ಹಾಡುವವನು ‘ಮಾನಿಟರ್‌ನಲ್ಲಿ ನಂಗೆ ನಾನೇ ಕೇಳಿಸ್ತಿಲ್ಲ ಗುರೂ’ ಎಂದು ಗೋಗರೆಯುತ್ತಾನೆ. ಗಿಟಾರಿನವನ ಕಾಲಬುಡದಲ್ಲಿ ಮಾರ್ಕರ್ ಪೆನ್ನಿನಲ್ಲಿ ಹಾಡುಗಳ ವರಸೆ ಬರೆದ ಹಾಳೆ, ನಾಲ್ಕು ಮೂಲೆಗೂ ಟೇಪು. ಕೊನೆಯ ಹಾಡಿನ ಎದುರು ಪ್ರಶ್ನಾರ್ಥಕ ಚಿಹ್ನೆ. ಹೊತ್ತು ಸಿಕ್ಕರೆ, ಜನ ಉಳಿದಿದ್ದರೆ, ಮ್ಯಾನೇಜರು ಕಣ್ಣು ಬಿಡದಿದ್ದರೆ ಎಂದು ಅದರರ್ಥ.

ದೊಡ್ಡವರ ಕಥೆ ಎಲ್ಲರಿಗೂ ಗೊತ್ತು. ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದರು, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಅದೇ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ಮಾಡಿ, ಭಾವಗೀತೆ ಕೇಳುವುದಕ್ಕೂ ಜನಸಾಗರ ಬರುತ್ತದೆಂದು ತೋರಿಸಿಕೊಟ್ಟರು. ನನ್ನ ಮಟ್ಟಿಗೆ, ಆಮೇಲೆ ಚಿಕ್ಕ ವೇದಿಕೆಗಳಲ್ಲಿ ಆದದ್ದಕ್ಕೆ ಬೀಜ ಬಿದ್ದದ್ದು ಅಲ್ಲಿ. ವಿದೇಶಿ ಗಿಟಾರುಗಳಿಂದ ಅಲ್ಲ.

2008ರಲ್ಲಿ ರಘು ದೀಕ್ಷಿತರ ಮೊದಲ ಆಲ್ಬಂ ಬಂತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಹಾಡಿದರೆ, ಕನ್ನಡ ಬಾರದ ಐಟಿ ಹುಡುಗರೂ ಗಂಟಲು ಹರಿಯುವಂತೆ ಕೂಗುವುದನ್ನು ನಾನೇ ಕೇಳಿದ್ದೇನೆ. ಎರಡು ವರ್ಷ ಕಳೆದ ಮೇಲೆ, 2010ರಲ್ಲಿ, ಅವರು ಲಂಡನ್ನಿನಲ್ಲಿ ಜೂಲ್ಸ್ ಹಾಲೆಂಡ್ ಅವರ ಬಿಬಿಸಿ ಕಾರ್ಯಕ್ರಮದಲ್ಲಿದ್ದರು. ಇನ್ನೊಂದು ಕಡೆ ಸ್ವರಾತ್ಮದ ವಾಸು ದೀಕ್ಷಿತ್ ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ವೇದಿಕೆಯ ಮೇಲೆ ಕುಣಿಯುತ್ತಿದ್ದರು. ಅಲ್ಲಿಯವರೆಗೆ ಪಬ್ಬಿನ ಬಾಗಿಲಲ್ಲಿ ನನಗೊಂದು ಅಳುಕಿತ್ತು. ಇಂಗ್ಲಿಷು ತಡವರಿಸುವವನಿಗೆ ಒಳಗೇನು ಕೆಲಸ ಎಂದು. ಶರೀಫಜ್ಜ ಒಳಗೆ ಹೋದ ಮೇಲೆ ನನ್ನನ್ನು ತಡೆಯುವವರು ಯಾರು?

ಆದರೆ ಬಾಡಿಗೆಯ ಪಾಡು ತಪ್ಪಲಿಲ್ಲ. ಇಂದಿರಾನಗರದ ಕೈರಾ ಹೋಯಿತು. ಚರ್ಚ್ ಸ್ಟ್ರೀಟಿನ ಬ್ಲೂ ಫ್ರಾಗ್ ಬಂದಷ್ಟೇ ಬೇಗ ಹೋಯಿತು. 2013ರಲ್ಲಿ ಬಾಗಿಲು ತೆರೆದ ಹಮ್ಮಿಂಗ್ ಟ್ರೀ, ಹೊಸ ಬ್ಯಾಂಡುಗಳಿಗೆಲ್ಲ ತವರೆನಿಸಿಕೊಂಡು 2019ರಲ್ಲಿ ಮುಚ್ಚಿತು. ನಡುವೆ ಕಾನೂನಿನ ಕಾಟ ಬೇರೆ. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪೊಲೀಸ್ ಲೈಸೆನ್ಸ್ ಬೇಕೆನ್ನುವ 2005ರ ಆದೇಶ ಲೈವ್ ಬ್ಯಾಂಡು, ಕ್ಯಾಬರೆ, ಡಿಸ್ಕೊಥೆಕ್ ಎಲ್ಲವನ್ನೂ ಒಂದೇ ಹಗ್ಗದಲ್ಲಿ ಕಟ್ಟಿಹಾಕಿತ್ತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಲೈಸೆನ್ಸಿಗೆ ಹೋದರೆ ಕಟ್ಟಡದ ಒಸಿ, ಅಂದರೆ ಸ್ವಾಧೀನಾನುಭವ ಪತ್ರ, ತನ್ನಿ ಎನ್ನುತ್ತಾರೆ. ಬೆಂಗಳೂರಿನಲ್ಲಿ ಒಸಿ ಇರುವ ಕಟ್ಟಡ ಹುಡುಕುವುದಕ್ಕಿಂತ ಒಳ್ಳೆಯ ಡ್ರಮ್ಮರನ್ನು ಹುಡುಕುವುದು ಸುಲಭ. ಒಬ್ಬ ಹುಡುಗ ಮೂಲೆಯ ಸ್ಟೂಲಿನಲ್ಲಿ ಕೂತು ಗಿಟಾರು ಮೀಟುವುದೂ ಆಗ ಕೆಲವು ಕಾಲ ಕದ್ದುಮುಚ್ಚಿ ಮಾಡುವ ಕೆಲಸವಾಯಿತು.

ಹಾಗೆಂದು ಪಕ್ಕದ ಮನೆಯವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಾನೂ ಪಬ್ಬೊಂದರ ಹಿಂದಿನ ರಸ್ತೆಯಲ್ಲಿ ಸಂಸಾರ ಮಾಡಿದವನು. ಹಾಡು ಗೋಡೆ ದಾಟಿ ಬರುವುದಿಲ್ಲ, ಬೇಸ್ ಮಾತ್ರ ಬರುತ್ತದೆ. ರಾತ್ರಿ ಹನ್ನೊಂದರ ಹೊತ್ತಿಗೆ ಅಡುಗೆಮನೆ ಸ್ಟ್ಯಾಂಡಿನ ಸ್ಟೀಲ್ ಲೋಟಗಳು ತಾವೇ ತಾಳ ಹಾಕುತ್ತಿದ್ದವು; ಮಗು ಎದ್ದರೆ ಮತ್ತೆ ಮಲಗಿಸುವಷ್ಟರಲ್ಲಿ ಒಂದು ಗಂಟೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45, ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಕೂಡದು ಎನ್ನುವ 2000ದ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಗೋಡೆಗೆ ಸರಿಯಾಗಿ ಶಬ್ದನಿರೋಧಕ ಹೊದಿಸಲು ದುಡ್ಡು ಬೇಕು. ಯಾರದೋ ಗೋಡೆಗೆ ಯಾವ ಬಾಡಿಗೆದಾರ ಸುರಿಯುತ್ತಾನೆ?

ಹೋದ ಸೋಮವಾರ ಬಾಡಿಗೆ ಕೊಡಲು ಕೆಳಗೆ ಹೋದಾಗ ಓನರ್ ಆಂಟಿ ನನ್ನ ಮುಂಗೈ ನೋಡಿದರು. ಟಿಕೆಟ್ಟು ತೋರಿಸಿದವರಿಗೆ ಬಾಗಿಲಲ್ಲಿ ಒತ್ತುವ ನೇರಳೆ ಮುದ್ರೆ, ಎರಡು ಸ್ನಾನಕ್ಕೂ ಹೋಗಿರಲಿಲ್ಲ.

‘ಇದೇನಪ್ಪಾ, ಕೈಗೇ ಸೀಲ್ ಹೊಡೆದು ಕಳ್ಸಿದಾರೆ? ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ಯಾ?’

ವಿಷಯ ಹೇಳಿದೆ. ಆಂಟಿ ಚಾಮರಾಜಪೇಟೆಯಲ್ಲಿ ಬೆಳೆದವರು. 1930ರ ದಶಕದ ಕೊನೆಯಲ್ಲಿ ಶುರುವಾಗಿ ಇವತ್ತಿಗೂ ನಡೆಯುತ್ತಿರುವ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಗಳು ಅವರ ಮಟ್ಟಿಗೆ ಸಂಗೀತದ ಅಳತೆಗೋಲು. ‘ನಮ್ಗೇನು ಟಿಕೆಟ್ಟಾ ಸೀಲಾ? ಎಂ.ಎಸ್. ಹಾಡುವಾಗ ಒಳಗೆ ಜಾಗ ಇಲ್ದೆ ರಸ್ತೇಲಿ ನಿಂತು ಕೇಳಿದೀವಿ, ಬೇಲಿ ಹಿಡ್ಕೊಂಡು’ ಎಂದರು. ಅದೂ ಸ್ಕೂಲಿನ ಮೈದಾನ, ಅದೂ ಹಬ್ಬ ಮುಗಿದ ಮೇಲೆ ಬಿಚ್ಚುವ ಪೆಂಡಾಲು. ಅಲ್ಲಿಗೆ ಬಾಡಿಗೆದಾರರ ಸಾಲಿನಲ್ಲಿ ನಮ್ಮ ಹುಡುಗರು ಒಂಟಿಯಲ್ಲ ಎಂದಾಯಿತು. ಇದನ್ನು ಓನರ ಎದುರು ಆಡಲು ಹೋಗಲಿಲ್ಲ. ಅಗ್ರಿಮೆಂಟು ರಿನ್ಯೂ ಆಗುವ ತಿಂಗಳು.

‘ಈ ಶನಿವಾರ ಏನಿದೆ?’ ಎಂದರು ಆಂಟಿ, ಬಾಡಿಗೆ ಎಣಿಸಿಕೊಳ್ಳುತ್ತ.

‘ದೊಮ್ಮಲೂರಿನ ಇಂಟರ್‌ನ್ಯಾಷನಲ್ ಸೆಂಟರಿನಲ್ಲಿ ತತ್ವಪದ ಹಾಡೋ ಹುಡುಗ್ರು. ಟಿಕೆಟ್ ಇಲ್ಲ.’

‘ಕುರ್ಚಿ ಇರತ್ತೋ, ನಿಂತೇ ಕೇಳ್ಬೇಕೋ?’

‘ಕುರ್ಚಿ ಇದೆ ಆಂಟಿ. ಎ.ಸಿ.ನೂ ಇದೆ.’

‘ಹಾಗಾದ್ರೆ ಸ್ವೆಟರ್ ತಗೋತೀನಿ. ಎಂಟೂವರೆಗೆ ಮುಗಿಯತ್ತೆ ತಾನೆ?’

ಮುಗಿಯುತ್ತದೆ ಎಂದು ಹೇಳಿ ಎರಡು ಸೀಟು ಬುಕ್ ಮಾಡಿದೆ. ಗಿಟಾರಿನ ಹುಡುಗರು ಹೇಳಿದ ಹೊತ್ತಿಗೆ ಶುರು ಮಾಡುವವರಲ್ಲ ಎಂಬುದನ್ನು ಆಟೊದಲ್ಲಿ ಹೇಳಿದರಾಯಿತು.